ಅತ್ತೆಯವರ ಪೊಲೀಸು, ಮೊಮ್ಮಗನ ದಿಗಿಲು

ಪ್ರಶ್ನೆ: ನಮ್ಮ ಮಗನಿಗೆ ನಾಲ್ಕೂವರೆ ವರ್ಷ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಹಟ ಹಿಡಿದರೆ ಅತ್ತೆಯವರು ‘ಪೊಲೀಸ್ ಬಂದ್ರು ನೋಡು, ಹಿಡ್ಕೊಂಡು ಹೋಗ್ತಾರೆ’ ಅಂತಾರೆ. ತಕ್ಷಣ ಗಪ್‌ಚುಪ್. ಮೊನ್ನೆ ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ನಿಜವಾದ ಪೊಲೀಸರನ್ನು ಕಂಡು ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಡುಗಿದ. ರಾತ್ರಿ ಬೆಚ್ಚಿ ಎದ್ದ. ಅತ್ತೆಯವರು ‘ನಿನ್ನ ಗಂಡನ್ನೂ ಹೀಗೇ ಬೆಳೆಸಿದ್ದು’ ಅಂತಾರೆ. ಏನು ಮಾಡಲಿ?
– ಹೆಸರು ಬೇಡ, ಸಾಗರ ತಾಲ್ಲೂಕು

ಅತ್ತೆಯವರು ಹೇಳುವುದು ಸುಳ್ಳಲ್ಲ. ಗುಮ್ಮ, ಚೌಡಿ, ಚೀಲದಲ್ಲಿ ತುಂಬಿಕೊಂಡು ಹೋಗುವವನು ಇವರ ಹೆಸರು ಕೇಳದೆ ಉಂಡು ಬೆಳೆದವರು ಮಲೆನಾಡಿನಲ್ಲಿ ಕಡಿಮೆ. ಮಳೆಗಾಲದ ಸಂಜೆ ಗುಮ್ಮನ ಕಥೆ ಹೇಳಿದರೆ ನನ್ನ ತಕರಾರೂ ಇಲ್ಲ. ಅಜ್ಜಿಯ ತೊಡೆ ಮೇಲೆ ಕೂತು ಹೆದರುವುದು ಮಕ್ಕಳಿಗೆ ಮಜವೇ. ಆದರೆ ಗುಮ್ಮ ಬಸ್ ಸ್ಟ್ಯಾಂಡಿನಲ್ಲಿ ಎದುರಾಗುವುದಿಲ್ಲ, ಪೊಲೀಸರು ಎದುರಾಗುತ್ತಾರೆ.

ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಕಾಂಬಾ ಜಾತ್ರೆಯ ಜನಜಂಗುಳಿ ನಿಮಗೆ ಗೊತ್ತಲ್ಲ. ಅಲ್ಲಿ ಇವನು ಕೈತಪ್ಪಿದರೆ ಯಾರ ಹತ್ತಿರ ಹೋಗಬೇಕು? ಖಾಕಿ ತೊಟ್ಟವರ ಹತ್ತಿರ ತಾನೇ? ಈಗಿನಂತಾದರೆ ಅವರು ಕೈಚಾಚಿದ ಕೂಡಲೇ ಜನರ ಕಾಲುಗಳ ನಡುವೆ ನುಸುಳಿ ಇನ್ನೂ ದೂರ ಓಡುತ್ತಾನೆ. ನನಗೆ ಭಯವಾಗುವುದು ಇದಕ್ಕೇ.

‘ಅಜ್ಜಿ ಸುಮ್ನೆ ಹೇಳಿದ್ದು ಪುಟ್ಟಾ, ನೀನು ಕಳೆದುಹೋದ್ರೆ ಅಮ್ಮನ ಹತ್ರ ಕರ್ಕೊಂಡು ಬರೋರು ಪೊಲೀಸರೇ’ ಅಂತ ನೀವೇ ಹೇಳಿ. ಟ್ರಾಫಿಕ್ ಪೊಲೀಸರು ಕಂಡರೆ ದೂರದಿಂದ ನೀವು ಕೈಬೀಸಿ, ಅವನನ್ನು ಹತ್ತಿರ ಎಳೆದೊಯ್ಯಬೇಡಿ. ಅಪ್ಪನ ಹೆಸರು, ನಿಮ್ಮ ಫೋನ್ ನಂಬರ್ ಬಾಯಿಪಾಠ ಮಾಡಿಸಿ. ಮಕ್ಕಳ ಸಹಾಯವಾಣಿ 1098 ನಿಮ್ಮ ಮೊಬೈಲಿನಲ್ಲೂ ಇರಲಿ.

ಇನ್ನು ಬಸ್ಸಿನ ಗಲಾಟೆ. ಸಾಗರದಿಂದ ಶಿವಮೊಗ್ಗದವರೆಗೆ ಸುಮ್ಮನೆ ಕೂರುವುದು ಮೊಬೈಲ್ ಇಲ್ಲದಿದ್ದರೆ ದೊಡ್ಡವರಿಗೂ ಆಗದು. ಅವನಿಗೊಂದು ಕೆಲಸ ಕೊಡಿ. ಸರ್ಕಾರಿ ಬಸ್ಸಾದರೆ ನಿಮ್ಮ ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್ ಅವನ ಕೈಯಲ್ಲೇ ಇರಲಿ, ಚೆಕಿಂಗ್‌ನವರು ಬಂದರೆ ಅವನೇ ತೋರಿಸಲಿ. ಆನಂದಪುರ ಬಂತಾ, ಕುಂಸಿ ಬಂತಾ, ತ್ಯಾವರೆಕೊಪ್ಪ ಸಿಂಹಧಾಮದ ಬೋರ್ಡು ಮೊದಲು ಯಾರು ನೋಡ್ತಾರೆ ಅಂತ ಪಂದ್ಯ ಕಟ್ಟಿ. ಅಜ್ಜಿಯೇ ಅಂಪೈರ್ ಆಗಲಿ, ಅವರ ಬಾಯಿಗೂ ಬೇರೆ ಕೆಲಸ ಸಿಕ್ಕಂತಾಯಿತು! ಆಮೇಲೂ ಕಿರುಚಿದರೆ ನಿಮ್ಮಿಂದ ಆಗುವುದನ್ನಷ್ಟೇ ಹೇಳಿ: ‘ಕಿರುಚಿದ್ರೆ ಕಿಟಕಿ ಸೀಟು ನನಗೆ.’ ಹೇಳಿದ ಮೇಲೆ ಮಾಡಲೇಬೇಕು. ಅವನು ಅತ್ತರೆ ಹಿಂದಿನ ಸೀಟಿನವರು ಇಣುಕುತ್ತಾರೆ, ಇಣುಕಲಿ. ಪೊಲೀಸಿನ ಹೆಸರು ಬಾಯಿಗೆ ಬರುವುದು ಹೆಚ್ಚಾಗಿ ಅವರ ಮುಖ ನೋಡಿಯೇ.

ಅತ್ತೆಯವರ ಹತ್ತಿರ ವಾದಕ್ಕಿಳಿಯಬೇಡಿ. ‘ಅಮ್ಮಾ, ರಾತ್ರಿ ಬೆಚ್ಚಿ ಎದ್ದ’ ಎಂಬಷ್ಟನ್ನು ಅವರ ಮಗ ಹೇಳಲಿ. ಮೊಮ್ಮಗ ನಡುಗಿದ್ದು ಯಾವ ಅಜ್ಜಿಗೂ ಇಷ್ಟವಾಗದು.

ವಾರಗಟ್ಟಲೆ ನಿದ್ದೆಗೆಟ್ಟರೆ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ‘ಸೂಜಿ ಚುಚ್ತಾರೆ’ ಅಂತ ಅವರ ಹೆಸರಿನಲ್ಲೂ ಹೆದರಿಸಿದ್ದರೆ ಈಗಲೇ ನಿಲ್ಲಿಸಿ, 5 ವರ್ಷ ತುಂಬಿದ ಮೇಲೆ ಡಿಪಿಟಿ ಬೂಸ್ಟರ್ ಹೇಗೂ ಹಾಕಿಸಬೇಕಲ್ಲ.