ಫೈರ್ ಅಕಾಡೆಮಿಗಿಂತ ಮೊದಲು ಇಎಂಟಿ ಕಲಿ, ತಂಗಿ

ತಂಗೀ, ನಿನ್ನ ಪ್ರಶ್ನೆ ಓದಿ ಖುಷಿಯಾಯಿತು. ಕಾಸರಗೋಡಿನ ಬದಿಯಡ್ಕದಿಂದ ಕ್ಯಾಲಿಫೋರ್ನಿಯಾಕ್ಕೆ ಬಂದು 3 ತಿಂಗಳು, ಕೈಯಲ್ಲಿ ಗ್ರೀನ್ ಕಾರ್ಡ್ ಇದೆ, ಅಗ್ನಿಶಾಮಕ ದಳ ಸೇರುವ ಆಸೆ. "ನಮ್ಮಂಥವರನ್ನು ತಗೊಳ್ತಾರಾ, ಎಲ್ಲಿಂದ ಶುರು ಮಾಡಲಿ?" ಅಂತ ಕೇಳಿದ್ದೀಯ. ತಗೊಳ್ತಾರೆ. ನಾನೂ ಅಲ್ಲೇ ಹತ್ತಿರದ ಮುಳ್ಳೇರಿಯದವನು, ಈ ಕೆಲಸಕ್ಕೆ ಸೇರಿ 12 ವರ್ಷ ಆಯಿತು.

ಫೈರ್ ಅಕಾಡೆಮಿಗೆ, ಅಂದರೆ ಅಗ್ನಿಶಾಮಕರ ತರಬೇತಿ ಶಾಲೆಗೆ, ಹೋಗುವ ಮೊದಲು ಇಎಂಟಿ ಕೋರ್ಸ್ ಮಾಡು. ಇಎಂಟಿ ಅಂದರೆ ಆಸ್ಪತ್ರೆ ಸೇರುವ ತನಕ ರೋಗಿಗೆ ತುರ್ತು ಚಿಕಿತ್ಸೆ ಕೊಡುವವರು. ನಮಗೆ ಬರುವ ಕರೆಗಳಲ್ಲಿ ಬೆಂಕಿಯದ್ದು ತುಂಬ ಕಮ್ಮಿ. ಎದೆನೋವು, ಉಸಿರಾಟದ ತೊಂದರೆ, ಬಚ್ಚಲಲ್ಲಿ ಜಾರಿಬಿದ್ದ ಅಜ್ಜಿ, ಇಂಥವೇ ಜಾಸ್ತಿ. ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಸೆಮಿಸ್ಟರ್‌ನಲ್ಲಿ ಮುಗಿಯುತ್ತದೆ. ಈ ರಾಜ್ಯದಲ್ಲಿ ಕಡಿಮೆಯೆಂದರೂ 170 ಗಂಟೆ, ಅದರಲ್ಲಿ 24 ಗಂಟೆ ನಿಜವಾದ ರೋಗಿಗಳ ಜೊತೆ. ಆಮೇಲೆ ನ್ಯಾಷನಲ್ ರಿಜಿಸ್ಟ್ರಿ ಅನ್ನುವ ರಾಷ್ಟ್ರಮಟ್ಟದ ಇಎಂಟಿ ಪರೀಕ್ಷೆ.

ಆ ಕೋರ್ಸಿನ ಒಂದು ದಿನ ನನಗೆ ಮರೆಯಲು ಆಗುವುದಿಲ್ಲ. ಜೊತೆಯ ಹುಡುಗನನ್ನು ನೆಲದ ಮೇಲೆ ಮಲಗಿಸಿದ್ದರು. ಅವನ ತಲೆಯ ಹಿಂದೆ ಮಂಡಿಯೂರಿ, ಎರಡೂ ಅಂಗೈಯಲ್ಲಿ ಕಿವಿಯ ಪಕ್ಕ ಹಿಡಿದು, ತಲೆ ಒಂಚೂರೂ ಅಲುಗದಂತೆ ಕೂರಬೇಕು. ಕುತ್ತಿಗೆಗೆ ಕಾಲರ್ ಪಟ್ಟಿ ಹಾಕಿ ಬೋರ್ಡಿಗೆ ಕಟ್ಟುವ ತನಕ ಕೈ ಬಿಡುವ ಹಾಗಿಲ್ಲ. ಕೈ ನಡುಗತೊಡಗಿತು. ಆಗ ನಮ್ಮ ತೋಟ ಕಣ್ಣಮುಂದೆ ಬಂತು. ನಾನು ಹತ್ತನೇ ಕ್ಲಾಸಲ್ಲಿದ್ದಾಗ, ಮದ್ದು ಬಿಡಲು ಅಡಿಕೆ ಮರ ಹತ್ತಿದ್ದವರೊಬ್ಬರು ಬಿದ್ದರು. ನಾವು ನಾಲ್ಕು ಜನ ಕೈಕಾಲು ಹಿಡಿದು ಎತ್ತಿ, ಜೀಪಿನ ಹಿಂದೆ ಮುದುಡಿ ಮಲಗಿಸಿ, ಮಂಗಳೂರಿಗೆ ಓಡಿದೆವು. ತಲೆ ದಾರಿಯುದ್ದಕ್ಕೂ ಆ ಕಡೆ ಈ ಕಡೆ ಹೊರಳುತ್ತಿತ್ತು. ಅವರು ಮತ್ತೆ ನಡೆಯಲಿಲ್ಲ. ಬಿದ್ದ ಏಟಿನಿಂದಲೋ ನಾವು ಎತ್ತಿದ್ದರಿಂದಲೋ, ಯಾರು ಹೇಳಬೇಕು? ತಲೆ ಹಿಡಿಯಲು ಗೊತ್ತಿದ್ದವರು ಅಲ್ಲಿ ಒಬ್ಬರೂ ಇರಲಿಲ್ಲ ಅಲ್ವಾ ಅನ್ನಿಸಿ, ಕ್ಲಾಸಲ್ಲೇ ಕಣ್ಣು ತುಂಬಿತು.

ಇನ್ನು ಅಗ್ನಿಶಾಮಕ ಕೆಲಸಕ್ಕೆ ಮೈಯಲ್ಲಿ ಶಕ್ತಿ ಇದೆಯಾ ಅಂತ ನೋಡುವ ಪರೀಕ್ಷೆ, ಸಿಪ್ಯಾಟ್ (CPAT). ಒಟ್ಟು 8 ಹಂತ, 10 ನಿಮಿಷ 20 ಸೆಕೆಂಡಿನಲ್ಲಿ ಮುಗಿಸಬೇಕು. ಹುಡುಗಿಯರಿಗೂ ಅದೇ ಲೆಕ್ಕ. ಶುರುವಿನಲ್ಲೇ ಮೆಟ್ಟಿಲು ಯಂತ್ರ: ಸುಮಾರು 34 ಕಿಲೋ ಹೊತ್ತುಕೊಂಡು, ನಿಮಿಷಕ್ಕೆ 60 ಹೆಜ್ಜೆಯಂತೆ 3 ನಿಮಿಷ. ಸುಮ್ನೆ ಜಿಮ್‌ಗೆ ಹೋದರೆ ಸಾಲದು. ಬ್ಯಾಗಿಗೆ ಅಕ್ಕಿ ತುಂಬಿಕೊಂಡು ಮೆಟ್ಟಿಲು ಹತ್ತು, ಸ್ವಲ್ಪ ಸ್ವಲ್ಪವೇ ಭಾರ ಏರಿಸು.

ಇಂಗ್ಲಿಷ್ ಬಗ್ಗೆ ಹೆದರಿಕೆ ಅಂದೆಯಲ್ಲ, ಅದು ಕೆಲಸ ಮಾಡುತ್ತಾ ಸರಿಯಾಗುತ್ತದೆ. ನಮ್ಮ ಕಾಸರಗೋಡಿನ ಮಕ್ಕಳಿಗೆ ಇರುವ ಭಾಷೆಗಳು ಇಲ್ಲಿ ಎಷ್ಟು ಜನಕ್ಕಿವೆ ಹೇಳು. ಒಮ್ಮೆ ಮಗನ ಮನೆಗೆ ಬಂದಿದ್ದ ಮಲಯಾಳಿ ಅಮ್ಮ ಏನು ಕೇಳಿದರೂ ಬಾಯಿ ಬಿಡಲಿಲ್ಲ. "ಎವಿಡೆಯಾ ವೇದನ?" (ಎಲ್ಲಿ ನೋವು?) ಅಂದೆ. ನನ್ನ ಕೈ ಹಿಡಿದು ಎದೆಯ ನಡುವೆ ಇಟ್ಟುಕೊಂಡರು.

ಠಾಣೆಯಲ್ಲೇ 48 ಗಂಟೆ ಇರಬೇಕಾಗಿ ಬರಬಹುದು, ಮನೆಯವರಿಗೆ ಈಗಲೇ ಹೇಳಿಡು. ಈ ವಾರವೇ ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ಉಳಿಸುವ ವಿಧಾನ, ಕಲಿತು ಅದರ ಕಾರ್ಡ್ ಮಾಡಿಸು, ಕಾಲೇಜಿನವರು ಅದನ್ನು ಕೇಳುತ್ತಾರೆ. ನನ್ನ ಹಳೆಯ ಸ್ಟೆತಸ್ಕೋಪ್ ಮತ್ತು ಬಿಪಿ ಪಟ್ಟಿ ಚೆನ್ನಾಗಿಯೇ ಇವೆ. ವಿಳಾಸ ಕೊಡು, ಕಳಿಸುತ್ತೇನೆ.