ಓದುಗರ ಪ್ರಶ್ನೆ: ಯುರೋಪಿನ ‘ಮೂರನೆಯ ದಾರಿ’ ಎಲ್ಲಿಂದ ಹೊರಟಿತು, ಎಲ್ಲಿ ತಲುಪಿತು?

ಯುರೋಪಿನ ಸೋಶಿಯಲ್ ಡೆಮಾಕ್ರಟಿಕ್ ಪಕ್ಷಗಳ ಬಗ್ಗೆ, ಹಳೆಯ ಎಡನೀತಿಗೂ ಮುಕ್ತ ಮಾರುಕಟ್ಟೆಗೂ ನಡುವೆ ಅವು ಹುಡುಕಿದ ‘ಮೂರನೆಯ ದಾರಿ’ಯ ಬಗ್ಗೆ ಬಂದಿರುವ ಪ್ರಶ್ನೆಗಳಲ್ಲಿ ಆರನ್ನು ಈ ಬಾರಿ ಆರಿಸಿಕೊಂಡಿದ್ದೇನೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಕೆಲವಕ್ಕೆ ನಾಲ್ಕೈದು ಸಾಲು ಸಾಕೆನಿಸಿದೆ.

ಪ್ರಶ್ನೆ: ಸೋಶಿಯಲ್ ಡೆಮಾಕ್ರಸಿಯನ್ನು ಕೆಲವರು ಸಮಾಜವಾದದ ಒಂದು ಕವಲು ಎನ್ನುತ್ತಾರೆ, ಇನ್ನು ಕೆಲವರು ಬಂಡವಾಳಶಾಹಿಯನ್ನು ತಿದ್ದಿ ತೀಡಿದ ರೂಪ ಎನ್ನುತ್ತಾರೆ. ಯಾವುದು ಸರಿ?

ಎರಡೂ ಸರಿ, ಆದರೆ ಬೇರೆ ಬೇರೆ ಕಾಲಕ್ಕೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಹೆಸರನ್ನು ಇಟ್ಟುಕೊಂಡಿದ್ದವರು ಬಹುಮಟ್ಟಿಗೆ ಮಾರ್ಕ್ಸ್‌ವಾದಿಗಳು. ಲೆನಿನ್ನನ ಬಣ ಕೂಡ 1918ರವರೆಗೆ ತನ್ನನ್ನು ಸೋಶಿಯಲ್ ಡೆಮಾಕ್ರಟಿಕ್ ಪಕ್ಷವೆಂದೇ ಕರೆದುಕೊಳ್ಳುತ್ತಿತ್ತು. ಈ ಪಕ್ಷಗಳಲ್ಲೆಲ್ಲ ದೊಡ್ಡದು ಜರ್ಮನಿಯದು. 1875ರಲ್ಲಿ ಗೋಥಾ ಪಟ್ಟಣದಲ್ಲಿ ಎರಡು ಗುಂಪುಗಳು ಕೂಡಿ ಅದು ಹುಟ್ಟಿತು. 1878ರಿಂದ 1890ರವರೆಗೆ ಬಿಸ್ಮಾರ್ಕನ ಸಮಾಜವಾದಿ ವಿರೋಧಿ ಕಾಯಿದೆಯನ್ನು ಸಹಿಸಿಕೊಂಡು ಉಳಿಯಿತು. 1891ರಲ್ಲಿ ಎರ್ಫರ್ಟ್‌ನಲ್ಲಿ ಹೊಸ ಕಾರ್ಯಕ್ರಮವೊಂದನ್ನು ಅಂಗೀಕರಿಸಿತು. ಈ ಕಾರ್ಯಕ್ರಮ ಓದುವುದಕ್ಕೆ ಸ್ವಾರಸ್ಯಕರವಾದುದು. ಕಾರ್ಲ್ ಕೌಟ್ಸ್ಕಿ ಬರೆದ ಮೊದಲ ಭಾಗ ಬಂಡವಾಳಶಾಹಿಯ ಪತನ ಅನಿವಾರ್ಯ ಎನ್ನುತ್ತದೆ. ಎಡ್ವರ್ಡ್ ಬರ್ನ್‌ಸ್ಟೈನ್ ಬರೆದ ಎರಡನೆಯ ಭಾಗ ಎಂಟು ಗಂಟೆಯ ದುಡಿಮೆ, ಹೆಂಗಸರೂ ಸೇರಿದಂತೆ ಎಲ್ಲರಿಗೂ ಮತದಾನದ ಹಕ್ಕು, ಉಚಿತ ವೈದ್ಯಕೀಯ ನೆರವು ಮೊದಲಾದವನ್ನು ಆಗಿನ ಸರ್ಕಾರದಿಂದಲೇ ಕೇಳುತ್ತದೆ. ಕುಸಿದು ಬೀಳಲಿರುವ ಮನೆಗೆ ದುರಸ್ತಿಯ ಪಟ್ಟಿ ಸಿದ್ಧಪಡಿಸಿದಂತೆ ಇತ್ತು ಅದು.

ಈ ವೈರುಧ್ಯವನ್ನು ಬಾಯಿಬಿಟ್ಟು ಹೇಳಿದವನೂ ಬರ್ನ್‌ಸ್ಟೈನನೇ. ಬಂಡವಾಳಶಾಹಿ ಕುಸಿಯುವ ಲಕ್ಷಣ ಕಾಣುತ್ತಿಲ್ಲ, ಮಧ್ಯಮ ವರ್ಗ ಕರಗುತ್ತಿಲ್ಲ, ಆದ್ದರಿಂದ ಅಂತಿಮ ಗುರಿಗಿಂತ ದಿನದಿನದ ಚಳವಳಿಯೇ ಮುಖ್ಯ ಎಂದು ಅವನು 1899ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ವಾದಿಸಿದ. ರೋಸಾ ಲಕ್ಸೆಂಬರ್ಗ್ ಅದಕ್ಕೆ ಕಟುವಾದ ಉತ್ತರ ಬರೆದಳು, 1903ರಲ್ಲಿ ಪಕ್ಷದ ಡ್ರೆಸ್ಡೆನ್ ಅಧಿವೇಶನ ಅವನ ನಿಲುವನ್ನು ಖಂಡಿಸಿತು. ಆದರೆ ಖಂಡಿಸಿದ ಪಕ್ಷ ಮಾಡುತ್ತಿದ್ದ ಕೆಲಸವೆಲ್ಲ ಅವನು ಹೇಳಿದ ಬಗೆಯದೇ ಆಗಿತ್ತು. 1914ರ ಆಗಸ್ಟ್‌ನಲ್ಲಿ ಪಕ್ಷ ಯುದ್ಧದ ಸಾಲಕ್ಕೆ ಮತ ಹಾಕಿದ್ದು, 1917ರ ರಷ್ಯನ್ ಕ್ರಾಂತಿ ನಡೆದದ್ದು, ಇವೆರಡರ ತರುವಾಯ ಕಮ್ಯುನಿಸ್ಟರು ಬೇರೆಯಾದರು. ಸೋಶಿಯಲ್ ಡೆಮಾಕ್ರಸಿ ಎಂಬ ಹೆಸರು ಚುನಾವಣೆಯ ದಾರಿ ಹಿಡಿದವರ ಪಾಲಿಗೆ ಉಳಿಯಿತು.

ಪ್ರಶ್ನೆ: ಎಲ್ಲರೂ ಸ್ವೀಡನ್ನಿನ ಮಾದರಿಯನ್ನು ಹೊಗಳುತ್ತಾರೆ. ಅಲ್ಲಿನ ಕಾರ್ಖಾನೆಗಳೆಲ್ಲ ಸರ್ಕಾರದ ಒಡೆತನದಲ್ಲಿದ್ದವೇ?

ಇಲ್ಲ. ಸ್ವೀಡನ್ನಿನ ಉದ್ಯಮಗಳು ಬಹುಪಾಲು ಖಾಸಗಿಯವರ ಕೈಯಲ್ಲೇ ಇದ್ದವು, ಈಗಲೂ ಇವೆ. ಅಲ್ಲಿನ ಪಕ್ಷ ಕೈಹಾಕಿದ್ದು ಒಡೆತನಕ್ಕಲ್ಲ, ಚೌಕಾಸಿಗೆ. 1928ರಲ್ಲಿ ಪಕ್ಷದ ನಾಯಕ ಪೆರ್ ಅಲ್ಬಿನ್ ಹಾನ್ಸನ್ ದೇಶವೆಂದರೆ ‘ಜನರ ಮನೆ’, ಅಲ್ಲಿ ಮುದ್ದಿನ ಮಗುವೂ ಇರಬಾರದು, ಮಲಮಗುವೂ ಇರಬಾರದು ಎಂಬ ಅರ್ಥದ ಮಾತನ್ನು ಸಂಸತ್ತಿನಲ್ಲಿ ಆಡಿದ. 1932ರಲ್ಲಿ ಅಧಿಕಾರಕ್ಕೆ ಬಂದಾಗ ಅವನಿಗೆ ಬಹುಮತವಿರಲಿಲ್ಲ. ಮರುವರ್ಷ ರೈತರ ಪಕ್ಷದೊಡನೆ ಒಪ್ಪಂದವಾಯಿತು: ರೈತರಿಗೆ ಕೃಷಿ ಉತ್ಪನ್ನಗಳ ಬೆಲೆಗೆ ರಕ್ಷಣೆ, ನಿರುದ್ಯೋಗಿ ಕಾರ್ಮಿಕರಿಗೆ ಸಾರ್ವಜನಿಕ ಕಾಮಗಾರಿಗಳಲ್ಲಿ ಕೆಲಸ. ವಿರೋಧಿಗಳು ಇದನ್ನು ‘ಹಸುವಿನ ವ್ಯಾಪಾರ’ ಎಂದು ಗೇಲಿ ಮಾಡಿದರು. ಈ ವ್ಯಾಪಾರದಿಂದ ಶುರುವಾದ ಆಡಳಿತ, 1936ರ ಬೇಸಿಗೆಯ ಕೆಲವು ತಿಂಗಳುಗಳನ್ನು ಬಿಟ್ಟರೆ, 1976ರವರೆಗೆ ನಡೆಯಿತು. ಅದರಲ್ಲಿ 1946ರಿಂದ 1969ರವರೆಗೆ, ಇಪ್ಪತ್ಮೂರು ವರ್ಷ, ತಾಗೆ ಎರ್ಲಾಂಡರ್ ಒಬ್ಬನೇ ಪ್ರಧಾನಿಯಾಗಿದ್ದ.

1938ರಲ್ಲಿ ಸಾಲ್ಟ್‌ಶೋಬಾಡೆನ್ ಎಂಬಲ್ಲಿ ಕಾರ್ಮಿಕ ಸಂಘಗಳ ಒಕ್ಕೂಟವೂ ಮಾಲೀಕರ ಒಕ್ಕೂಟವೂ ಸರ್ಕಾರವನ್ನು ನಡುವೆ ಎಳೆಯದೆ ತಮ್ಮ ಜಗಳಗಳನ್ನು ತಾವೇ ಬಗೆಹರಿಸಿಕೊಳ್ಳುವ ನಿಯಮಗಳಿಗೆ ಸಹಿ ಹಾಕಿದವು. ಯುದ್ಧಾನಂತರ ಗೋಸ್ಟಾ ರೇನ್ ಮತ್ತು ರುಡಾಲ್ಫ್ ಮೈಡ್ನರ್ ಎಂಬ ಇಬ್ಬರು ಕಾರ್ಮಿಕ ಸಂಘದ ಅರ್ಥಶಾಸ್ತ್ರಜ್ಞರು ಇದರ ಮೇಲೆ ಕಟ್ಟಿದ ಲೆಕ್ಕಾಚಾರ ಹೊರಗಿನವರಿಗೆ ತುಸು ಕಠೋರವಾಗಿ ಕಾಣಬಹುದು. ಒಂದೇ ಬಗೆಯ ಕೆಲಸಕ್ಕೆ ಎಲ್ಲ ಕಂಪನಿಗಳೂ ಒಂದೇ ಸಂಬಳ ಕೊಡಬೇಕು. ಕೊಡಲಾಗದ ಕಂಪನಿ ಮುಚ್ಚಿಹೋದರೆ ಹೋಗಲಿ, ಅದನ್ನು ಬದುಕಿಸಬೇಕಾಗಿಲ್ಲ. ಕೆಲಸ ಕಳೆದುಕೊಂಡವನಿಗೆ ಸರ್ಕಾರ ತರಬೇತಿ ಕೊಟ್ಟು ಲಾಭದಲ್ಲಿರುವ ಉದ್ಯಮಕ್ಕೆ ಕಳುಹಿಸಬೇಕು. ಅವರು ಕಾಪಾಡಲು ಹೊರಟದ್ದು ಕೆಲಸಗಾರನನ್ನು, ಅವನು ನಿಂತಿದ್ದ ಕೆಲಸವನ್ನಲ್ಲ.

ಈ ವ್ಯವಸ್ಥೆಯ ತೊಡಕು ಅದರ ಯಶಸ್ಸಿನಲ್ಲೇ ಇತ್ತು. ಚೆನ್ನಾಗಿ ನಡೆಯುವ ಕಂಪನಿಗಳಿಗೆ ಹೆಚ್ಚು ಸಂಬಳ ಕೊಡುವ ಒತ್ತಡ ಇಲ್ಲದ್ದರಿಂದ ಅಲ್ಲಿ ಲಾಭ ರಾಶಿಬಿದ್ದಿತು. ಆ ಲಾಭದ ಒಂದು ಪಾಲನ್ನು ಹೊಸ ಷೇರುಗಳ ರೂಪದಲ್ಲಿ ಕಾರ್ಮಿಕರ ಸಾಮೂಹಿಕ ನಿಧಿಗಳಿಗೆ ಒಪ್ಪಿಸಬೇಕು ಎಂದು ಮೈಡ್ನರ್ 1970ರ ದಶಕದ ಮಧ್ಯದಲ್ಲಿ ಸೂಚಿಸಿದಾಗ ಹಳೆಯ ಸಾಮರಸ್ಯ ಮುರಿಯಿತು, ಏಕೆಂದರೆ ಕೆಲವು ದಶಕಗಳಲ್ಲಿ ಒಡೆತನವೇ ಕೈಬದಲಾಗುವ ಯೋಜನೆ ಅದು. 1976ರಲ್ಲಿ ಪಕ್ಷ ಸೋತಿತು. 1983ರಲ್ಲಿ ಹತ್ತಾರು ಸಾವಿರ ಜನ ಸ್ಟಾಕ್‌ಹೋಮ್‌ನಲ್ಲಿ ಈ ನಿಧಿಗಳ ವಿರುದ್ಧ ಮೆರವಣಿಗೆ ನಡೆಸಿದರು. ಬಹಳ ತೆಳುಗೊಳಿಸಿದ ಕಾನೂನು ಹೇಗೋ ಜಾರಿಯಾಯಿತಾದರೂ 1991ರಲ್ಲಿ ಬಂದ ಬಲಪಂಥೀಯ ಸರ್ಕಾರ ಅದನ್ನು ಮುಗಿಸಿಬಿಟ್ಟಿತು. ಪಿತ್ರಾರ್ಜಿತ ಆಸ್ತಿಯ ಮೇಲಿನ ತೆರಿಗೆಯನ್ನು ಸ್ವೀಡನ್‌ನಲ್ಲಿ 2004ರ ಕೊನೆಗೆ ರದ್ದುಮಾಡಿದ್ದು ಸೋಶಿಯಲ್ ಡೆಮಾಕ್ರಟಿಕ್ ಸರ್ಕಾರವೇ ಎಂಬುದನ್ನು ಆ ಮಾದರಿಯನ್ನು ಹೊಗಳುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ಪ್ರಶ್ನೆ: ‘ಮೂರನೆಯ ದಾರಿ’ ಎಂಬ ಮಾತನ್ನು ಹುಟ್ಟುಹಾಕಿದ್ದು ಬ್ರಿಟನ್ನಿನ ಲೇಬರ್ ಪಕ್ಷದ ಪ್ರಧಾನಿಯಾಗಿದ್ದ ಟೋನಿ ಬ್ಲೇರ್ ಅವರೇ?

ಅಲ್ಲ. ಯೋಜಿತ ಅರ್ಥವ್ಯವಸ್ಥೆ ಮತ್ತು ಮುಕ್ತ ಮಾರುಕಟ್ಟೆಗಳ ನಡುವಿನ ದಾರಿ ಎಂಬ ಅರ್ಥದಲ್ಲಿ 1968ರ ಪ್ರಾಗ್ ವಸಂತದ, ಅಂದರೆ ಕಮ್ಯುನಿಸ್ಟ್ ಚೆಕೊಸ್ಲೊವಾಕಿಯಾದ ಸುಧಾರಣಾ ಚಳವಳಿಯ, ಅರ್ಥಶಾಸ್ತ್ರಜ್ಞ ಓಟಾ ಶಿಕ್ ಅದನ್ನು ಬಳಸಿದ್ದರು. 1982ರಲ್ಲಿ ತನ್ನ ನಾಣ್ಯ ಕ್ರೋನಾದ ಮೌಲ್ಯವನ್ನು ಶೇ. 16ರಷ್ಟು ಇಳಿಸಿದ ಸ್ವೀಡನ್ ಸರ್ಕಾರದ ಹಣಕಾಸು ಸಚಿವ ಶೆಲ್-ಓಲೋಫ್ ಫೆಲ್ಟ್, ತಮ್ಮ ನೀತಿ ಬ್ರಿಟನ್ನಿನ ಬಲಪಂಥೀಯ ಪ್ರಧಾನಿ ಥ್ಯಾಚರ್ ಮತ್ತು ಫ್ರಾನ್ಸಿನ ಸಮಾಜವಾದಿ ಅಧ್ಯಕ್ಷ ಮಿತ್ತರಾಂ ಇಬ್ಬರದೂ ಅಲ್ಲದ ಮೂರನೆಯ ದಾರಿ ಎಂದರು. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಆಂಥೊನಿ ಗಿಡೆನ್ಸ್ ಅದೇ ಹೆಸರಿನ ಪುಸ್ತಕವನ್ನು 1998ರಲ್ಲಿ ಪ್ರಕಟಿಸಿದ ಮೇಲೆ ಮಾತು ಬ್ಲೇರ್ ಅವರ ಹೆಸರಿಗೆ ಅಂಟಿಕೊಂಡಿತು.

ಪ್ರಶ್ನೆ: ಬ್ಲೇರ್ ಮಾಡಿದ್ದು ಥ್ಯಾಚರ್ ನೀತಿಗೆ ಹೊಸ ಬಣ್ಣ ಬಳಿಯುವ ಕೆಲಸ ಎಂಬ ಟೀಕೆಯನ್ನು ನೀವು ಒಪ್ಪುತ್ತೀರಾ?

ಪೂರ್ತಿಯಾಗಿ ಒಪ್ಪಲಾರೆ, ಪೂರ್ತಿಯಾಗಿ ತಳ್ಳಿಹಾಕಲೂ ಆರೆ. ಮಾರುಕಟ್ಟೆಯೊಡನೆ ರಾಜಿ ಮಾಡಿಕೊಂಡರು ಎಂಬುದೇ ದೂರಾದರೆ, ಆ ದೂರು ಬ್ಲೇರ್ ಅವರಿಗಿಂತ ಬಹಳ ಹಿಂದಿನವರಿಗೂ ತಗಲುತ್ತದೆ. ಜರ್ಮನಿಯ ಪಕ್ಷ 1959ರಲ್ಲೇ ಬಾಡ್ ಗೋಡೆಸ್‌ಬರ್ಗ್‌ನಲ್ಲಿ ಮಾರ್ಕ್ಸ್‌ವಾದವನ್ನು ಕೈಬಿಟ್ಟು, ಸಾಧ್ಯವಿದ್ದಷ್ಟು ಸ್ಪರ್ಧೆ, ಅಗತ್ಯವಿದ್ದಷ್ಟು ಯೋಜನೆ ಎಂಬ ಸೂತ್ರವನ್ನು ಒಪ್ಪಿಕೊಂಡಿತ್ತು. ಅದಾದ ಮೇಲೆಯೇ 1972ರಲ್ಲಿ ವಿಲ್ಲಿ ಬ್ರಾಂಟ್ ಶೇ. 45.8 ಮತ ಗಳಿಸಿದ್ದು. ಸ್ಪೇನಿನಲ್ಲಿ ಸಮಾಜವಾದಿ ಪಕ್ಷದ ನಾಯಕ ಫೆಲಿಪೆ ಗೊನ್ಸಾಲೆಸ್ ಇದೇ ಕೆಲಸವನ್ನು 1979ರಲ್ಲಿ ಮಾಡಿದರು. ರಾಜಿ ನಡೆದೇ ಇತ್ತು. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ, ರಾಜಿಯಾದದ್ದು ಯಾರೊಡನೆ, ಅದಾದ ಮೇಲೆ ದುಡಿಯುವವನ ಕೈಯಲ್ಲಿ ಉಳಿದದ್ದು ಏನು ಎಂಬುದು.

ಬ್ಲೇರ್ 1994ರಲ್ಲಿ ನಾಯಕರಾದಾಗ ಲೇಬರ್ ಪಕ್ಷ 1979ರಿಂದ ಸತತವಾಗಿ ನಾಲ್ಕು ಚುನಾವಣೆಗಳನ್ನು ಸೋತಿತ್ತು. 1976ರಲ್ಲಿ ಹಿಂದಿನ ಲೇಬರ್ ಸರ್ಕಾರ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಸಾಲಕ್ಕೆ ನಿಂತದ್ದು, 1978–79ರ ಚಳಿಗಾಲದ ಮುಷ್ಕರಗಳು, ಇವೆರಡೂ ಮತದಾರರ ನೆನಪಿನಿಂದ ಮಾಸಿರಲಿಲ್ಲ. ಪಕ್ಕದ ಫ್ರಾನ್ಸಿನಲ್ಲಿ 1981ರಲ್ಲಿ ಬ್ಯಾಂಕುಗಳನ್ನೂ ದೊಡ್ಡ ಉದ್ಯಮಗಳನ್ನೂ ರಾಷ್ಟ್ರೀಕರಣಗೊಳಿಸಲು ಹೊರಟ ಮಿತ್ತರಾಂ, ಫ್ರಾಂಕ್ ಕುಸಿಯುತ್ತಿದ್ದುದನ್ನು ನೋಡಿ 1983ರ ಮಾರ್ಚ್‌ನಲ್ಲಿ ಮಿತವ್ಯಯದ ಹಾದಿಗೆ ಹೊರಳಿದ್ದರು. ಒಂದೇ ದೇಶದೊಳಗೆ ಹಳೆಯ ಎಡನೀತಿ ಇನ್ನು ನಡೆಯುವುದಿಲ್ಲ ಎಂಬುದಕ್ಕೆ ಅದನ್ನೇ ಎಲ್ಲರೂ ಉದಾಹರಿಸುತ್ತಿದ್ದರು. ಉತ್ಪಾದನಾ ಸಾಧನಗಳ ಸಾಮೂಹಿಕ ಒಡೆತನವನ್ನು ಗುರಿಯೆಂದು ಸಾರುತ್ತಿದ್ದ, 1918ರಿಂದ ಪಕ್ಷದ ಸಂವಿಧಾನದಲ್ಲಿದ್ದ ನಾಲ್ಕನೆಯ ಕಲಮನ್ನು ಬ್ಲೇರ್ 1995ರಲ್ಲಿ ಬದಲಿಸಿದ್ದು ಈ ಹಿನ್ನೆಲೆಯಲ್ಲಿ. 1997ರಲ್ಲಿ ಶೇ. 43.2 ಮತ, 418 ಸ್ಥಾನ ಬಂದವು.

ಆ ಸರ್ಕಾರ ಖಾಸಗೀಕರಣಗೊಂಡಿದ್ದ ಸೇವಾ ಕಂಪನಿಗಳ ಮೇಲೆ ಸುಮಾರು 5 ಬಿಲಿಯನ್ ಪೌಂಡ್‌ಗಳ ಒಂದಾವರ್ತಿ ತೆರಿಗೆ ಹಾಕಿ ಆ ಹಣವನ್ನು ನಿರುದ್ಯೋಗಿ ಯುವಕರಿಗಾಗಿ ಬಳಸಿತು. 1999ರ ಏಪ್ರಿಲ್‌ನಲ್ಲಿ ಗಂಟೆಗೆ 3.60 ಪೌಂಡ್‌ಗಳ ರಾಷ್ಟ್ರೀಯ ಕನಿಷ್ಠ ವೇತನ ಬಂದಿತು. 2002ರ ಬಜೆಟ್‌ನಲ್ಲಿ ರಾಷ್ಟ್ರೀಯ ವಿಮೆಯ ವಂತಿಗೆ ಏರಿಸಿ ಸಾರ್ವಜನಿಕ ಆರೋಗ್ಯ ಸೇವೆಗೆ ಹಣ ಸುರಿಯಲಾಯಿತು. ಇದನ್ನೆಲ್ಲ ಥ್ಯಾಚರ್ ನೀತಿ ಎನ್ನುವುದು ಅನ್ಯಾಯ. ಆದರೆ ಅದೇ ಸರ್ಕಾರ ಥ್ಯಾಚರ್ ಕಾಲದ ಕಾರ್ಮಿಕ ಸಂಘ ಕಾನೂನುಗಳ ಬಹುಭಾಗವನ್ನು ಹಾಗೆಯೇ ಇರಗೊಟ್ಟಿತು, ಆಸ್ಪತ್ರೆಗಳನ್ನೂ ಶಾಲೆಗಳನ್ನೂ ಖಾಸಗಿ ಹಣದಿಂದ ಕಟ್ಟಿಸಿ ದಶಕಗಟ್ಟಲೆ ಬಾಡಿಗೆ ತೆರುವ ಒಪ್ಪಂದಗಳಿಗೆ ಸಹಿ ಹಾಕಿತು, ಲಂಡನ್ನಿನ ಹಣಕಾಸು ವಲಯದ ಮೇಲೆ ಸಡಿಲವಾದ ಉಸ್ತುವಾರಿಯನ್ನು ಇಟ್ಟು ಅಲ್ಲಿಂದ ಬರುವ ತೆರಿಗೆಯನ್ನು ನೆಚ್ಚಿಕೊಂಡಿತು. ಬ್ಯಾಂಕುಗಳು ಕೊಬ್ಬಿದಷ್ಟೂ ಬಡವರಿಗೆ ಹಂಚಲು ಹಣ ದೊರೆಯುತ್ತಿತ್ತು. 2008ರಲ್ಲಿ ಬ್ಯಾಂಕುಗಳು ಕುಸಿದಾಗ ಹಂಚಿಕೆಯ ಆಧಾರವೇ ಹೋಯಿತು. ಹಂಚಿಕೆಯನ್ನು ಉಳಿಸಿಕೊಳ್ಳಲು ಹೋರಾಡಬಲ್ಲ ಸಂಘಟನೆಯನ್ನು ಪಕ್ಷ ಅಷ್ಟರೊಳಗೆ ದೂರವಿಟ್ಟಾಗಿತ್ತು. ಸ್ವೀಡನ್ನಿನ ಹಳೆಯ ರಾಜಿಗೂ ಇದಕ್ಕೂ ನಾನು ಕಾಣುವ ವ್ಯತ್ಯಾಸ ಇದೇ: ಅಲ್ಲಿ ಕಾರ್ಮಿಕ ಸಂಘ ಮೇಜಿನ ಎದುರು ಕುಳಿತು ಪಾಲು ಪಡೆಯಿತು, ಇಲ್ಲಿ ಖಜಾನೆ ಅಧಿಕಾರಿಗಳು ಲೆಕ್ಕ ಹಾಕಿ ಮನೆಗಳಿಗೆ ಪಾಲು ಕಳುಹಿಸಿದರು. ಕಳುಹಿಸಿದ್ದನ್ನು ಮುಂದಿನ ಸರ್ಕಾರ ನಿಲ್ಲಿಸುವುದು ಸುಲಭ.

ಎಲ್ಲ ಎಡಪಕ್ಷಗಳೂ ಬ್ಲೇರ್ ಹಿಂದೆ ನಡೆದವು ಎನ್ನುವುದೂ ತಪ್ಪು. ಅದೇ ಕಾಲದ ಫ್ರಾನ್ಸಿನ ಪ್ರಧಾನಿ ಲಿಯೊನೆಲ್ ಜೋಸ್ಪಾಂ, ಮಾರುಕಟ್ಟೆಯ ಅರ್ಥವ್ಯವಸ್ಥೆಗೆ ತಮ್ಮ ಒಪ್ಪಿಗೆ ಇದೆ, ಮಾರುಕಟ್ಟೆಯ ಸಮಾಜಕ್ಕೆ ಇಲ್ಲ ಎಂದು ಹೇಳಿ ವಾರಕ್ಕೆ 35 ಗಂಟೆಗಳ ಕೆಲಸದ ಕಾನೂನು ತಂದರು.

ಪ್ರಶ್ನೆ: ಶ್ರೋಡರ್ ಅವರ ಸುಧಾರಣೆಗಳು ಜರ್ಮನಿಯ ಆರ್ಥಿಕತೆಯನ್ನು ಉಳಿಸಿದವು ಎನ್ನುತ್ತಾರೆ. ಹಾಗಿದ್ದರೆ ಅವರ ಪಕ್ಷವೇಕೆ ಸೊರಗಿತು?

ಗೆರ್‌ಹಾರ್ಡ್ ಶ್ರೋಡರ್ 1998ರಲ್ಲಿ ಶೇ. 40.9 ಮತ ಪಡೆದು ಚಾನ್ಸಲರ್ ಆದರು. 1999ರ ಜೂನ್‌ನಲ್ಲಿ ಬ್ಲೇರ್ ಜತೆಗೂಡಿ ಹೊಸ ನೀತಿಯ ಜಂಟಿ ಪ್ರಕಟಣೆ ಹೊರಡಿಸಿದರು. 2003ರ ಮಾರ್ಚ್‌ನಲ್ಲಿ ‘ಅಜೆಂಡಾ 2010’ ಘೋಷಿಸಿದರು. ಅದರ ಮುಖ್ಯ ಭಾಗವಾದ ‘ಹಾರ್ಟ್ಸ್ 4’ 2005ರ ಜನವರಿಯಿಂದ ಜಾರಿಯಾಯಿತು. ಅದಕ್ಕೆ ಮುಂಚೆ ವಿಮೆಯ ಅವಧಿ ಮುಗಿದ ನಿರುದ್ಯೋಗಿಗೆ ಅವನ ಹಿಂದಿನ ಸಂಬಳದ ಪ್ರಮಾಣದಲ್ಲಿ ನೆರವು ಮುಂದುವರಿಯುತ್ತಿತ್ತು. ಹೊಸ ನಿಯಮದಂತೆ ಸಾಮಾನ್ಯವಾಗಿ ಒಂದು ವರ್ಷದ ಬಳಿಕ ಎಲ್ಲರಿಗೂ ಒಂದೇ ಮೊತ್ತ, ಪಶ್ಚಿಮ ಭಾಗದಲ್ಲಿ ತಿಂಗಳಿಗೆ 345 ಯೂರೋ ಮತ್ತು ಬಾಡಿಗೆ, ಅದೂ ಉಳಿತಾಯವನ್ನೆಲ್ಲ ತೋರಿಸಿದ ಮೇಲೆ. ಮೂವತ್ತು ವರ್ಷ ವಂತಿಗೆ ಕಟ್ಟಿದ ಕುಶಲ ಕಾರ್ಮಿಕನೂ ಒಂದು ದಿನವೂ ದುಡಿಯದವನೂ ಒಂದೇ ಸಾಲಿಗೆ ಬಂದರು. ಮೊದಲಿನವನು ಆ ಪಕ್ಷದ ಖಾಯಂ ಮತದಾರ.

ಅದೇ ವರ್ಷದ ಆರಂಭದಲ್ಲಿ ನಿರುದ್ಯೋಗಿಗಳ ಸಂಖ್ಯೆ 50 ಲಕ್ಷ ದಾಟಿತು. ಮೇ ತಿಂಗಳಲ್ಲಿ ಪಕ್ಷ 39 ವರ್ಷಗಳಿಂದ ಆಳುತ್ತಿದ್ದ ನಾರ್ತ್ ರೈನ್–ವೆಸ್ಟ್‌ಫಾಲಿಯಾ ರಾಜ್ಯವನ್ನು ಕಳೆದುಕೊಂಡಿತು. ಮುನಿದ ಸಂಘಟನಾಕಾರರು ಪೂರ್ವ ಜರ್ಮನಿಯ ಹಳೆಯ ಸಮಾಜವಾದಿಗಳೊಡನೆ ಸೇರಿ 2007ರಲ್ಲಿ ಎಡಪಕ್ಷ ಕಟ್ಟಿದರು. ನಂತರದ ವರ್ಷಗಳಲ್ಲಿ ನಿರುದ್ಯೋಗ ಇಳಿದದ್ದು ನಿಜ. ಅದರಲ್ಲಿ ಈ ಕಾನೂನಿನ ಪಾಲೆಷ್ಟು, ಸಂಬಳದ ಸಂಯಮ ಮತ್ತು ರಫ್ತಿನ ಪಾಲೆಷ್ಟು ಎಂಬ ವಾದ ಅರ್ಥಶಾಸ್ತ್ರಜ್ಞರಲ್ಲಿ ಮುಗಿದಿಲ್ಲ. ಶ್ರೋಡರ್ ಪಕ್ಷದ ಮತ 2009ರಲ್ಲಿ ಶೇ. 23ಕ್ಕೆ ಇಳಿಯಿತು, 2025ರಲ್ಲಿ ಶೇ. 16.4ಕ್ಕೆ. ನಡುವೆ 2015ರಲ್ಲಿ ಗಂಟೆಗೆ 8.50 ಯೂರೋಗಳ ಕನಿಷ್ಠ ವೇತನ ತಂದದ್ದು, 2023ರಲ್ಲಿ ‘ಹಾರ್ಟ್ಸ್ 4’ರ ಜಾಗಕ್ಕೆ ‘ನಾಗರಿಕ ಭತ್ಯೆ’ ತಂದದ್ದು, ತಾವೇ ಮಾಡಿದ್ದನ್ನು ತಿದ್ದುವ ಪ್ರಯತ್ನಗಳು.

ಇದನ್ನೆಲ್ಲ ಓದಿ, ಯುರೋಪಿನ ಎಡಪಕ್ಷಗಳನ್ನು ಕೆಡಿಸಿದ್ದು ಮೂರನೆಯ ದಾರಿಯೊಂದೇ ಎಂದು ತಿಳಿಯಬೇಡಿ. ಗ್ರೀಸಿನ ಸಮಾಜವಾದಿ ಪಕ್ಷ ಪಾಸೋಕ್ 2009ರಲ್ಲಿ ಪಡೆದಿದ್ದ ಸುಮಾರು ಶೇ. 44 ಮತ 2015ರ ಜನವರಿಯ ಹೊತ್ತಿಗೆ ಶೇ. 5ಕ್ಕಿಂತ ಕೆಳಗೆ ಬಿದ್ದದ್ದು ಸಾಲದ ಬಿಕ್ಕಟ್ಟಿನ ಹೊಡೆತಕ್ಕೆ. ಕಾರ್ಖಾನೆಯ ಕೆಲಸಗಳು ಕಡಿಮೆಯಾದದ್ದು, ವಿದ್ಯಾವಂತ ನಗರವಾಸಿಗಳ ಆಸೆಗಳೂ ಸಣ್ಣ ಪಟ್ಟಣಗಳ ದುಡಿಮೆಗಾರರ ಆಸೆಗಳೂ ಬೇರೆಯಾದದ್ದು, ಎಲ್ಲ ದೇಶಗಳಲ್ಲೂ ನಡೆದಿದೆ. ಸ್ಥಾನಗಳ ಲೆಕ್ಕವೂ ಕೆಲವೊಮ್ಮೆ ಮೋಸ ಮಾಡುತ್ತದೆ: ಲೇಬರ್ ಪಕ್ಷ 2017ರಲ್ಲಿ ಶೇ. 40 ಮತ ಪಡೆದು 262 ಸ್ಥಾನಗಳೊಂದಿಗೆ ಸೋತಿತು, 2024ರಲ್ಲಿ ಶೇ. 33.7 ಮತ ಪಡೆದು 411 ಸ್ಥಾನಗಳೊಂದಿಗೆ ಗೆದ್ದಿತು.

ಪ್ರಶ್ನೆ: ಹಳೆಯ ಸ್ವೀಡನ್ ಮಾದರಿ ಈಗ ಸಂಪೂರ್ಣವಾಗಿ ಸತ್ತಿದೆಯೇ?

ಸರ್ಕಾರದ ನೀತಿಗಳಲ್ಲಿ ಬಹಳಷ್ಟು ಸವೆದಿದೆ, ಕಾರ್ಖಾನೆಯ ಅಂಗಳದಲ್ಲಿ ಸತ್ತಿಲ್ಲ. ಸ್ವೀಡನ್ನಿನಲ್ಲಿ ಈಗಲೂ ಕನಿಷ್ಠ ವೇತನದ ಕಾನೂನು ಇಲ್ಲ; ಹತ್ತರಲ್ಲಿ ಒಂಬತ್ತರಷ್ಟು ನೌಕರರ ಸಂಬಳವನ್ನು ಸಂಘ ಮತ್ತು ಮಾಲೀಕರ ನಡುವಿನ ಸಾಮೂಹಿಕ ಒಪ್ಪಂದಗಳೇ ನಿರ್ಧರಿಸುತ್ತವೆ. ಅಮೆರಿಕದ ಟೆಸ್ಲಾ ಕಂಪನಿ ಅಂಥ ಒಪ್ಪಂದಕ್ಕೆ ಸಹಿ ಹಾಕಲು ನಿರಾಕರಿಸಿದಾಗ, 2023ರ ಅಕ್ಟೋಬರ್ 27ರಂದು ಲೋಹ ಕಾರ್ಮಿಕರ ಸಂಘ ಅದರ ವರ್ಕ್‌ಶಾಪ್‌ಗಳಲ್ಲಿ ಮುಷ್ಕರ ಹೂಡಿತು. ಬಂದರಿನವರು ಆ ಕಂಪನಿಯ ಕಾರುಗಳನ್ನು ಹಡಗಿನಿಂದ ಇಳಿಸಲಿಲ್ಲ, ಅಂಚೆಯವರು ಅದರ ನಂಬರ್ ಪ್ಲೇಟುಗಳನ್ನು ತಲುಪಿಸಲಿಲ್ಲ.