ಮಗಳಿಗೆ ಯಾವ ಕಥೆ ಪುಸ್ತಕ ಕೊಡ್ಲಿ? ‘ಳು’ ಹುಡುಕಿ ನೋಡಿ

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ಎಂಟು ವರ್ಷ, ಮೂರನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಚಿತ್ರದ ಪುಸ್ತಕ ಎಲ್ಲಾ ಮುಗೀತು, ಈಗ ಅಕ್ಕನ ಥರ ದಪ್ಪ ಪುಸ್ತಕ ಬೇಕು ಅಂತಾಳೆ. ಅಂಗಡೀಲಿ ಹೆಣ್ಮಕ್ಕಳಿಗೆ ಅಂತ ಕೇಳಿದ್ರೆ ಗುಲಾಬಿ ಬಣ್ಣದ ಯೂನಿಕಾರ್ನು, ಫೇರಿ, ಪ್ರಿನ್ಸೆಸ್ಸು ಇಷ್ಟೇ ತೋರಿಸ್ತಾರೆ, ಅವಳಿಗೂ ಅದೇ ಇಷ್ಟ. ನಮ್ಮತ್ತೆ ನೀತಿಕಥೆ ಕೊಡು ಸಾಕು ಅಂತಾರೆ. ನಾನೇನು ಕೊಡ್ಲಿ? – ಶಿವಮೊಗ್ಗದ ಓದುಗರು

ಉತ್ತರ: ಮೊದ್ಲು ಯೂನಿಕಾರ್ನ್‌ಗೆ ಬಯ್ಯೋದು ಬಿಟ್ಬಿಡಿ. ಇಪ್ಪತ್ತು ವರ್ಷ ಸ್ಕೂಲ್ ಲೈಬ್ರರೀಲಿ ಕೂತವಳು ನಾನು, ಒಂದೇ ಸೀರೀಸಿನ ಹದಿನೈದು ಪುಸ್ತಕ ಸಾಲಾಗಿ ಓದಿದ ಮಕ್ಕಳು ಯಾರೂ ಹಾಳಾಗಿದ್ದು ನೋಡಿಲ್ಲ. ಪಾತ್ರ ಗೊತ್ತು, ಕಥೆ ಹೋಗೋ ದಾರಿನೂ ಗೊತ್ತು, ಹಂಗಾಗಿ ತಲೆ ಆರಾಮಾಗಿದ್ದು ಕಣ್ಣು ಓಡೋದನ್ನ ಕಲೀತಿರತ್ತೆ, ಒಂಥರಾ ಸೈಕಲ್‌ಗೆ ಪಕ್ಕದ ಚಕ್ರ ಇದ್ದಂಗೆ. ಅದು ಓದ್ಕೊಳ್ಲಿ, ಅದರ ಪಕ್ಕ ನೀವು ಬೇರೆ ಒಂದು ಇಡಿ, ಅಷ್ಟೇ.

ನಮ್ಮನೆಗಳಲ್ಲಿ ಆಗೋ ದೊಡ್ಡ ತಪ್ಪು ಅಂದ್ರೆ ಚಿತ್ರದ ಪುಸ್ತಕದಿಂದ ಒಂದೇ ಸಲ ಇನ್ನೂರೈವತ್ತು ಪುಟದ, ಇರುವೆ ಸಾಲಿನ ಥರ ಸಣ್ಣಕ್ಷರದ ಪುಸ್ತಕಕ್ಕೆ ಹಾರಿಸೋದು. ಚುರುಕಿದಾಳೆ ಓದ್ತಾಳೆ ಅಂತ ಯಾರೋ ಮಾವ ಬರ್ತ್‌ಡೇಗೆ ಕೊಟ್ಟಿರ್ತಾರೆ, ಅದು ಶೋಕೇಸಲ್ಲಿ ಕೂತಿರತ್ತೆ, ಮಗು ನಂಗೆ ಓದಕ್ಕೆ ಬರಲ್ಲ ಅಂತ ಸುಮ್ನಾಗಿರತ್ತೆ. ಮಧ್ಯದಲ್ಲಿ ಒಂದು ಮೆಟ್ಟಿಲಿದೆ, ಅದೇ ಚಾಪ್ಟರ್ ಬುಕ್: ಅರವತ್ತರಿಂದ ನೂರು ಪುಟ, ಅಕ್ಷರ ದೊಡ್ಡದು, ಎರಡ್ಮೂರು ಪುಟಕ್ಕೊಂದು ಚಿತ್ರ, ಒಂದೊಂದು ಅಧ್ಯಾಯ ಐದಾರು ಪುಟ. ಮಲಗೋ ಮುಂಚೆ ಒಂದು ಅಧ್ಯಾಯ ಮುಗಿಸಿ ಬಸ್ ಟಿಕೆಟ್ ಸಿಕ್ಕಿಸಿ ಇಡಬಹುದು, ಎಂಟು ವರ್ಷದವಳಿಗೆ ಆ ಟಿಕೆಟ್ ಮುಂದಕ್ಕೆ ಹೋಗೋದು ನೋಡೋದೇ ಒಂದು ಖುಷಿ.

ಕಷ್ಟ ಎಷ್ಟಿರಬೇಕು ಅನ್ನೋದಕ್ಕೆ ಲೈಬ್ರರಿಯವರೆಲ್ಲಾ ಮಾಡೋ ಐದು ಬೆರಳಿನ ಲೆಕ್ಕ ಇದೆ, ಮಧ್ಯದ ಯಾವುದೋ ಪುಟ ತೆಗೆದು ಓದಿಸಿ, ಗೊತ್ತಿಲ್ಲದ ಪದ ಬಂದಾಗ ಒಂದೊಂದು ಬೆರಳು ಮಡಚಿಸಿ, ಪುಟ ಮುಗಿಯೋದ್ರೊಳಗೆ ಐದೂ ಮಡಚಿದ್ರೆ ಸದ್ಯಕ್ಕೆ ಬೇಡ. ಆದ್ರೆ ಕನ್ನಡ ಪುಸ್ತಕಕ್ಕೆ ನಾನು ಇದನ್ನ ಸ್ವಲ್ಪ ಬದಲಾಯಿಸ್ತೀನಿ. ಇಂಗ್ಲಿಷ್ ಮೀಡಿಯಂ ಮಕ್ಕಳು ‘ವಿಶ್ರಾಂತಿ’ ಅನ್ನೋ ಕಡೆ ಒತ್ತಕ್ಷರ ನೋಡಿ ನಿಲ್ತಾರೆ, ನೀವು ಓದಿ ಹೇಳಿದ ತಕ್ಷಣ ‘ಓ ರೆಸ್ಟಾ’ ಅಂತಾರೆ. ಅದಕ್ಕೆ ಬೆರಳು ಮಡಚಬೇಡಿ, ಅಲ್ಲಿ ಕಣ್ಣು ಎಡವಿದೆ ಅಷ್ಟೇ, ಅರ್ಥ ಗೊತ್ತಿದೆ. ನೀವು ಓದಿ ಹೇಳಿದ್ಮೇಲೂ ಮುಖ ಮುಖ ನೋಡಿದ್ರೆ ಮಾತ್ರ ಒಂದು ಬೆರಳು. ಹಿಂಗೆ ಲೆಕ್ಕ ಹಾಕಿದ್ರೆ ಇವಳಿಗೆ ಕನ್ನಡ ಬರಲ್ಲ ಅಂತ ನಾವು ಅನ್ಕೊಂಡಿದ್ದ ಎಷ್ಟೋ ಮಕ್ಕಳಿಗೆ ಚೆನ್ನಾಗೇ ಬರತ್ತೆ ಅಂತ ಗೊತ್ತಾಗತ್ತೆ.

ಇನ್ನು ಹೆಣ್ಮಕ್ಕಳ ಪುಸ್ತಕ ಅನ್ನೋ ವಿಷಯ. ಕವರ್ ಬಣ್ಣ ನೋಡ್ಬೇಡಿ, ಹಿಂದೆ ಏನು ಬರ್ದಿದಾರೆ ಅಂತನೂ ನೋಡ್ಬೇಡಿ. ನಮ್ಮ ಕನ್ನಡದಲ್ಲಿ ಒಂದು ಅನುಕೂಲ ಇದೆ, ಕ್ರಿಯಾಪದ ವಾಕ್ಯದ ಕೊನೇಲಿ ಬಂದು ಕೂರತ್ತೆ, ಮಾಡಿದ್ದು ಹುಡುಗಿ ಆದ್ರೆ ಕೊನೆಗೆ ‘ಳು’ ಅಂತ ಇರತ್ತೆ. ಅಂಗಡೀಲಿ ನಿಂತ್ಕೊಂಡೇ ನಾಲ್ಕು ಪುಟ ತಿರುವಿ ವಾಕ್ಯದ ಬಾಲ ಮಾತ್ರ ನೋಡ್ತಾ ಹೋಗಿ. ಅತ್ತಳು, ನಾಚಿದಳು, ಹೆದರಿದಳು, ಕಾದಳು, ಒಪ್ಪಿದಳು, ಇಷ್ಟೇ ಸಿಕ್ಕಿದ್ರೆ ಆ ಹುಡುಗಿ ಕಥೇಲಿ ಗೊಂಬೆ, ಕವರ್ ಮೇಲೆ ಅವಳದ್ದೇ ಫೋಟೋ ಇದ್ರೂ ಅಷ್ಟೇ. ಹತ್ತಿದಳು, ಕೇಳಿದಳು, ಬಿದ್ದಳು, ಸುಳ್ಳು ಹೇಳಿದಳು, ಆಮೇಲೆ ಹೋಗಿ ಒಪ್ಪಿಕೊಂಡಳು ಅಂತ ಇದ್ಯಾ, ತಗೊಳಿ. ಇಂಗ್ಲಿಷ್ ಪುಸ್ತಕ ಆದ್ರೆ ‘ಶಿ’ ಆದ್ಮೇಲೆ ಏನಿದೆ ನೋಡಿ. (ಅಮ್ಮ ಅಜ್ಜಿ ಬಂದ್ರೆ ‘ಳು’ ಹೋಗಿ ‘ರು’ ಆಗತ್ತೆ, ಅವ್ರ ‘ರು’ಗಳೆಲ್ಲಾ ಅಡುಗೆಮನೇಲೇ ಯಾಕೆ ಇರತ್ತೆ ಅನ್ನೋದು ಬೇರೇನೇ ಜಗಳ, ಇನ್ನೊಂದಿನ ಆಡೋಣ.)

ಹಂಗಂತ ಅಳೋ ಹುಡುಗಿ ಬೇಡ ಅಂತಲ್ಲ. ಈಗ ಇನ್ನೊಂದು ಥರದ್ದು ಶುರುವಾಗಿದೆ, ಹುಡುಗಿ ಯಾವಾಗ್ಲೂ ಧೈರ್ಯವಂತೆ, ತಪ್ಪೇ ಮಾಡಲ್ಲ, ಕೊನೇ ಪುಟದಲ್ಲಿ ಹುಡುಗೀರು ಏನ್ಬೇಕಾದ್ರೂ ಸಾಧಿಸಬಹುದು ಅಂತ ಭಾಷಣ. ಇದೂ ಹಳೇ ನೀತಿಕಥೆನೇ, ಬಟ್ಟೆ ಹೊಸದು. ಮಕ್ಕಳಿಗೆ ಬೇಗ ಬೋರ್ ಆಗತ್ತೆ, ಪಾಪ ಗಿಫ್ಟ್ ಕೊಟ್ಟವ್ರಿಗೆ ಬೇಜಾರಾಗತ್ತೆ ಅಂತ ಬಾಯಲ್ಲಿ ಹೇಳಲ್ಲ.

ಹೆಸರು ಹೇಳಿ ಅಂತೀರ. ಎಂಟು ವರ್ಷಕ್ಕೆ ಇಂಗ್ಲಿಷಲ್ಲಿ ಶುರು ಮಾಡೋದಾದ್ರೆ ಡಕ್‌ಬಿಲ್ ಪ್ರಕಾಶನದವರ ಹೋಲ್ ಬುಕ್ಸ್ ಅನ್ನೋ ಸೀರೀಸ್ ನೋಡಿ, ಪುಸ್ತಕದ ಮೂಲೇಲಿ ನಿಜವಾಗ್ಲೂ ಒಂದು ತೂತು ಇರತ್ತೆ, ಮಕ್ಕಳು ಮೊದ್ಲು ಬೆರಳು ತೂರಿಸೋದೇ ಅದಕ್ಕೆ. ಅದ್ರಲ್ಲಿ ಟಿಮ್ಮಿ ಅಂತ ಒಬ್ಳು ಹುಡುಗಿ, ಅವಳಿಗೆ ಇಡ್ಲಿಅಮ್ಮ ಅಂತ ಒಬ್ಬಳು ಕಲ್ಪನೆಯ ದೈತ್ಯ ಫ್ರೆಂಡು, ಇಡ್ಲಿ ಎಲ್ಲಾ ಅವಳು ತಿಂದು ಖಾಲಿ ಮಾಡ್ತಾಳೆ, ಬೈಗುಳ ಟಿಮ್ಮಿಗೆ. ನಮ್ಮನೆ ಮಕ್ಕಳಿಗೆ ಇದು ಯಾರೂ ವಿವರಿಸಬೇಕಾಗಿಲ್ಲ.

ಅದಾದ್ಮೇಲೆ ರಸ್ಕಿನ್ ಬಾಂಡ್ ಅವರ ಬ್ಲೂ ಅಂಬ್ರೆಲಾ. ಬೆಟ್ಟದೂರಿನ ಬಿನ್ಯಾ ಕುತ್ತಿಗೇಲಿದ್ದ ಚಿರತೆ ಉಗುರಿನ ತಾಯಿತ ಕೊಟ್ಟು ನೀಲಿ ಛತ್ರಿ ತಗೋತಾಳೆ, ಅದು ಗಾಳಿಗೆ ಹಾರಿ ಪ್ರಪಾತಕ್ಕೆ ಬಿದ್ರೆ ಇಳಿದು ಹೋಗಿ ತರ್ತಾಳೆ. ಚಿಕ್ಕ ಪುಸ್ತಕ, ‘ಳು’ ಲೆಕ್ಕದಲ್ಲಿ ಫಸ್ಟ್ ಕ್ಲಾಸು. ಛತ್ರಿ ಮೇಲೆ ಕಣ್ಣು ಹಾಕೋ ಅಂಗಡಿ ರಾಮ್ ಭರೋಸಾ ಕೆಟ್ಟವನಾ ಪಾಪದವನಾ ಅಂತ ನನ್ನ ಲೈಬ್ರರಿ ಮಕ್ಕಳು ಪ್ರತಿ ವರ್ಷ ಜಗಳ ಆಡ್ತಾರೆ, ನಾನು ಉತ್ತರ ಹೇಳಿಲ್ಲ.

ಕನ್ನಡದಲ್ಲಿ ಒಂದೇ ಒಂದು ಹೇಳಿ ಅಂದ್ರೆ ನಾನು ‘ತೊತ್ತೋ-ಚಾನ್’ ಅಂತೀನಿ, ಜಪಾನಿನ ತೆತ್ಸುಕೊ ಕುರೋಯನಾಗಿ 1981ರಲ್ಲಿ ಬರೆದ ಅವರದ್ದೇ ಬಾಲ್ಯದ ಕಥೆ, ನ್ಯಾಷನಲ್ ಬುಕ್ ಟ್ರಸ್ಟ್‌ನವರು ಕನ್ನಡದಲ್ಲಿ ತಂದಿದಾರೆ. ಒಂದನೇ ಕ್ಲಾಸಲ್ಲೇ ಸ್ಕೂಲಿಂದ ಆಚೆ ಹಾಕಿಸ್ಕೊಂಡ ಹುಡುಗಿ, ಕಾರಣ ಡೆಸ್ಕಿನ ಮುಚ್ಚಳ ದಿನಾ ನೂರಾರು ಸಲ ತೆಗೆದು ಹಾಕಿ ಮಾಡ್ತಾಳೆ, ಕಿಟಕೀಲಿ ನಿಂತು ಬೀದೀಲಿ ಹೋಗೋ ವಾದ್ಯದವರನ್ನ ಕರೀತಾಳೆ. ಹೊಸ ಸ್ಕೂಲಲ್ಲಿ ರೈಲ್ವೆ ಬೋಗಿಗಳೇ ಕ್ಲಾಸ್ ರೂಮು, ಹೆಡ್ ಮಾಸ್ಟರು ಮೊದಲ ದಿನ ನಾಲ್ಕು ಗಂಟೆ ಅವಳ ಮಾತು ಕೇಳ್ತಾ ಕೂರ್ತಾರೆ. ಒಂದೊಂದು ಅಧ್ಯಾಯ ಎರಡ್ಮೂರು ಪುಟ ಅಷ್ಟೇ. ಪೋಲಿಯೋ ಆದ ಗೆಳೆಯನನ್ನ ಮರ ಹತ್ತಿಸೋ ಅಧ್ಯಾಯ ತೆಗೆದು ನೋಡಿ, ಏಣಿ ಎಳ್ಕೊಂಡು ಬರ್ತಾಳೆ, ಹಿಡಿತಾಳೆ, ತಳ್ತಾಳೆ, ಆಗಲ್ಲ, ಇನ್ನೊಂದು ಏಣಿ ತರ್ತಾಳೆ. ಆ ಗೆಳೆಯ ಮುಂದೆ ತೀರ್ಕೊಳ್ತಾನೆ, ಕೊನೇಲಿ ಯುದ್ಧದ ಬಾಂಬಿಗೆ ಸ್ಕೂಲೂ ಹೋಗತ್ತೆ, ಹಂಗಾಗಿ ಎಂಟಕ್ಕೆ ನೀವೇ ಓದಿ ಹೇಳಿ, ಒಂಬತ್ತು ಹತ್ತಕ್ಕೆ ಅವಳೇ ಓದ್ಲಿ.

ಆ ಸ್ಕೂಲಲ್ಲಿ ಮಧ್ಯಾಹ್ನದ ಡಬ್ಬೀಲಿ ಸಮುದ್ರದ್ದು ಸ್ವಲ್ಪ, ಬೆಟ್ಟದ್ದು ಸ್ವಲ್ಪ ಇರ್ಬೇಕು ಅಂತ ನಿಯಮ. ಇದು ಓದಿದ ವಾರ ನಮ್ಮ ನಾಲ್ಕನೇ ಕ್ಲಾಸಿನ ಹುಡುಗೀರೆಲ್ಲಾ ಒಬ್ಬರ ಡಬ್ಬಿ ಒಬ್ಬರು ಚೆಕ್ ಮಾಡ್ತಿದ್ರು. ಮೀನು ತಿನ್ನೋ ಮನೆಯವ್ರು ಗೆದ್ದೆ ಅಂತ ಬೀಗ್ತಿದ್ರೆ ಚಿತ್ರಾನ್ನ ತಂದಿದ್ದ ಒಬ್ಬಳು ಒಂದು ನಿಮಿಷ ಯೋಚ್ನೆ ಮಾಡಿ ‘ಉಪ್ಪು ಸಮುದ್ರದ್ದು, ನಿಂಬೆಹಣ್ಣು ನಮ್ಮಜ್ಜಿ ಊರಿನ ಬೆಟ್ಟದ್ದು’ ಅಂದ್ಲು. ಪುಸ್ತಕ ಮಗುಗೆ ತಲುಪ್ತಾ ಇಲ್ವಾ ಅನ್ನೋದಕ್ಕೆ ನಾನು ಪರೀಕ್ಷೆ ಗಿರೀಕ್ಷೆ ಮಾಡಲ್ಲ, ಇಂಥದ್ದು ಬರತ್ತಾ ಅಂತ ಕಾಯ್ತೀನಿ.

ನಿಮ್ಮತ್ತೆಯವ್ರ ವಿಷಯ ಮರೀಲಿಲ್ಲ. ಅವ್ರಿಗೆ ಅನುಪಮಾ ನಿರಂಜನ ಅವರ ‘ದಿನಕ್ಕೊಂದು ಕಥೆ’ ತಂದ್ಕೊಡಿ, ಹನ್ನೆರಡು ಸಂಪುಟ, ಒಂದು ವರ್ಷ ರಾತ್ರಿ ಕಥೆ ಹೇಳೋ ಡ್ಯೂಟಿ ಅವ್ರದ್ದು. ಬಾಯಿಂದ ಹೇಳೋ ಕಥೆನೂ ಬೇಕೇ ಬೇಕು, ಕಾಕಣ್ಣ ಗುಬ್ಬಕ್ಕ ಕೇಳದೆ ಬೆಳೆದ ಮಗುಗೆ ಯಾವ ಚಾಪ್ಟರ್ ಬುಕ್ಕೂ ರುಚಿಸಲ್ಲ ಅನ್ನೋಳು ನಾನು. ‘ಕೆರೆಗೆ ಹಾರ’ ಥರದ್ದು ಮಾತ್ರ ಸ್ವಲ್ಪ ತಡೀರಿ. ಕೆರೆಗೆ ನೀರು ಬರ್ಲಿ ಅಂತ ಕಿರಿ ಸೊಸೆ ಭಾಗೀರಥೀನ ಬಲಿ ಕೊಡೋ ಹಾಡು, ನಮ್ಮ ಜನಪದದ ದೊಡ್ಡ ಹಾಡು, ಆದ್ರೆ ಎಂಟು ವರ್ಷದವಳು ಅದನ್ನ ಒಳ್ಳೇ ಸೊಸೆ ಹಿಂಗಿರ್ಬೇಕು ಅಂತ ಕೇಳಿಸ್ಕೊಂಡ್ಬಿಡ್ತಾಳೆ. ಹನ್ನೊಂದು ಹನ್ನೆರಡಕ್ಕೆ ಹೇಳಿ, ‘ಅವಳು ಯಾಕೆ ಓಡಿ ಹೋಗ್ಲಿಲ್ಲ’ ಅಂತ ಅವಳೇ ಕೇಳ್ತಾಳೆ, ಆಗ ಮಾತಾಡಕ್ಕೆ ಒಂದು ಸಂಜೆ ಸಾಲಲ್ಲ.

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೀವಿ. ಮಗಳಿಗೆ ಒಂಬತ್ತು, ಇಂಗ್ಲಿಷಲ್ಲಿ ಮುನ್ನೂರು ಪುಟ ನೀರು ಕುಡಿದಂಗೆ ಓದ್ತಾಳೆ. ವೀಕೆಂಡ್ ಕನ್ನಡ ಕ್ಲಾಸಲ್ಲಿ ಅಕ್ಷರ ಕಲ್ತಿದಾಳೆ, ಆದ್ರೆ ಅವಳು ಓದಬಹುದಾದ ಕನ್ನಡ ಪುಸ್ತಕ ಅಂದ್ರೆ ಒಂದನೇ ಕ್ಲಾಸಿಂದು, ಬೇಬಿ ಬುಕ್ ಅಂತ ಎಸೀತಾಳೆ. ಏನ್ ಮಾಡ್ಲಿ ಮೇಡಂ? – ಒಬ್ಬ ಅಪ್ಪ

ಉತ್ತರ: ಎಸೆದಿದ್ದು ಸರಿ. ಒಂಬತ್ತರ ತಲೆಗೆ ಐದರ ಕಥೆ ಕೊಟ್ರೆ ಯಾರಾದ್ರೂ ಎಸೀತಾರೆ. ಕಥೆ ಅವಳ ವಯಸ್ಸಿಂದೇ ಇರ್ಲಿ, ಓದೋ ಭಾರ ನೀವು ಹಂಚ್ಕೊಳಿ. ನೀವು ನಿರೂಪಣೆ ಓದಿ, ಕೊಟೇಶನ್ ಒಳಗಿರೋ ಮಾತು ಮಾತ್ರ ಅವಳು ಓದ್ಲಿ, ನಾಟಕದ ಥರ. ಮಾತುಗಳು ಚಿಕ್ಕದಿರತ್ತೆ, ಮನೇಲಿ ಕೇಳಿದ ಕನ್ನಡಕ್ಕೆ ಹತ್ರ ಇರತ್ತೆ. ಇಲ್ಲೊಂದು ಕಲ್ಲು ಇದೆ, ಯಾರೂ ಮಕ್ಕಳಿಗೆ ಮೊದಲೇ ಹೇಳಲ್ಲ: ಅವಳ ಕಿವಿಗೆ ಗೊತ್ತಿರೋದು ‘ಹೋಗ್ತಿದಾಳೆ’, ಪುಸ್ತಕದಲ್ಲಿರೋದು ‘ಹೋಗುತ್ತಿದ್ದಾಳೆ’. ಅದು ಬೇರೆ ಪದ ಅಂತ ಅನ್ಕೊಂಡು ನಿಲ್ತಾಳೆ. ಎರಡೂ ಒಂದೇ, ಪುಸ್ತಕದ್ದು ಇಸ್ತ್ರಿ ಮಾಡಿದ ಅಂಗಿ ಅಂತ ಒಂದ್ಸಲ ಕೂರಿಸಿ ಹತ್ತು ಉದಾಹರಣೆ ತೋರ್ಸಿ, ಆಮೇಲೆ ನೋಡಿ ಸ್ಪೀಡು.

ಪುಸ್ತಕ ತರಿಸೋದು ಕಷ್ಟ ಅಂದ್ರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್ ಇದೆ, 2015ರಿಂದ ನಡೀತಿದೆ, ಕನ್ನಡ ಕಥೆಗಳು ನಾಲ್ಕು ಲೆವೆಲ್‌ನಲ್ಲಿ ಫ್ರೀ. ಅವಳಿಗೆ ಮೂರು ನಾಲ್ಕನೇ ಲೆವೆಲ್ ತೆಗೀರಿ, ಫೋನಲ್ಲಿ ಬೇಡ, ಪ್ರಿಂಟ್ ಹಾಕಿ ಸ್ಟೇಪಲ್ ಹೊಡೀರಿ. ಹತ್ತು ದಾಟಿದ್ಮೇಲೆ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಇಬ್ರೂ ಕೂತು ಓದಿ, 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದ ಕಾದಂಬರಿ, ಊರು ಬಿಟ್ಟು ಬಂದವ್ರ ಮನೇಲಿ ಅದು ಬೇರೇ ಥರ ಕೇಳ್ಸತ್ತೆ.

ಇನ್ನೊಂದು, ಇದು ಇಂಗ್ಲಿಷ್ ಕಥೆ ಆದ್ರೂ ಹೇಳ್ತೀನಿ. ಸುಧಾ ಮೂರ್ತಿ ಅವರು ಅಜ್ಜಿಗೆ ಓದೋದು ಕಲಿಸಿದ ಕಥೆ. ಮೊಮ್ಮಗಳು ಪ್ರತಿ ವಾರ ‘ಕರ್ಮವೀರ’ದಲ್ಲಿ ಬರ್ತಿದ್ದ ತ್ರಿವೇಣಿಯವರ ‘ಕಾಶಿಯಾತ್ರೆ’ ಓದಿ ಹೇಳ್ತಿರ್ತಾಳೆ. ಒಂದ್ಸಲ ಅವಳು ಮದುವೆಗೆ ಅಂತ ಊರಿಗೆ ಹೋದಾಗ ಪತ್ರಿಕೆ ಬರತ್ತೆ, ಅಜ್ಜಿ ಅದನ್ನ ಕೈಲಿ ಹಿಡ್ಕೊಂಡು ಒಂದಕ್ಷರ ಓದಕ್ಕಾಗದೆ ಕೂರ್ತಾರೆ. 62 ವರ್ಷಕ್ಕೆ ಅಕ್ಷರ ಕಲ್ತು ದಸರಾ ಸರಸ್ವತಿ ಪೂಜೆ ಹೊತ್ತಿಗೆ ಅವ್ರೇ ಓದ್ತಾರೆ. ನಿಮ್ಮ ಮಗಳು ಅದನ್ನ ಇಂಗ್ಲಿಷಲ್ಲಿ ಓದ್ಲಿ, ಆಮೇಲೆ ವಿಡಿಯೋ ಕಾಲಲ್ಲಿ ಊರಿನ ಅಜ್ಜಿ ಹತ್ರ ಕನ್ನಡದಲ್ಲಿ ಹೇಳ್ಲಿ. ನಡುವೆ ಪದ ಸಿಗದೆ ತಡವರಿಸಿದ್ರೆ ನೀವು ಬಾಯಿ ಹಾಕ್ಬೇಡಿ, ಅಜ್ಜಿ ಹೇಳ್ಕೊಡ್ತಾರೆ.

ಪ್ರಶ್ನೆ: ಅಕ್ಕನ ಪುಸ್ತಕ ತಮ್ಮ ಓದ್ತಾನೆ, ಏಳು ವರ್ಷ. ಹುಡುಗೀರ ಕಥೆ ಓದ್ತೀಯ ಅಂತ ಕಸಿನ್ಸ್ ಎಲ್ಲಾ ರೇಗಿಸ್ತಾರೆ. ಬೇರೆ ಕೊಡ್ಬೇಕಾ? – ಹಾಸನದಿಂದ

ಉತ್ತರ: ಬೇಡ. ಹುಡುಗೀರು ಹುಡುಗರ ಕಥೆ ಓದಿದ್ರೆ ಯಾರೂ ಏನೂ ಅನ್ನಲ್ಲ ಅಲ್ವಾ, ಫೇಮಸ್ ಫೈವ್ ಅನ್ನೋ ಇಂಗ್ಲಿಷ್ ಕಥೆ ಸೀರೀಸಲ್ಲಿ ಜಾರ್ಜಿನಾ ಕೂದಲು ಕತ್ತರಿಸಿ ಜಾರ್ಜ್ ಅಂತ ಕರೆಸ್ಕೊಂಡ್ರೆ ಅವಳು ಎಲ್ಲರ ಫೇವರಿಟ್ಟು. ನಮ್ಮಲ್ಲೂ ಒಬ್ಬ ಇದ್ದ, ಮೂರನೇ ಕ್ಲಾಸು, ಗುಲಾಬಿ ಕವರಿನ ಒಂದು ಪುಸ್ತಕ ಮೂರು ವಾರ ಶೆಲ್ಫಿಂದ ತೆಗಿಯೋದು ಇಡೋದು ಮಾಡ್ತಿದ್ದ. ನಾನೇನೂ ಹೇಳ್ದೆ ಅದಕ್ಕೆ ನೋಟ್‌ಬುಕ್ಕಿಗೆ ಹಾಕೋ ಬ್ರೌನ್ ಪೇಪರ್ ಬೈಂಡ್ ಹಾಕಿ ಲೇಬಲ್ ಅಂಟಿಸಿ ಕೊಟ್ಟೆ, ಶರ್ಟೊಳಗೆ ತೂರಿಸ್ಕೊಂಡು ಹೋದ. ಮುಂದಿನ ಶನಿವಾರ ಅವನ ಬೆಂಚಿನ ಇನ್ನಿಬ್ರು ಬಂದು ‘ಮಿಸ್, ಆ ಬ್ರೌನ್ ಪುಸ್ತಕ ಇದ್ಯಾ’ ಅಂತ ಕೇಳಿದ್ರು.